ಎಡಗೈ ಎತ್ತಿದವಳು

ಮದುವೆಯಾಗಿ ಒಂದು ತಿಂಗಳು. ಐವತ್ತೆಂಟರ ಮದುಮಗಳು ನಾನು, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಿವೃತ್ತ ಗಣಿತ ಮೇಷ್ಟ್ರಾದ ನನ್ನವರು ಇವತ್ತು ಪಕ್ಕದ ಮನೆಯ ಮಕ್ಕಳಿಗೆ ಪಾಠ ಶುರು ಮಾಡಿದರು. ಸೀಮೆಸುಣ್ಣದ ವಾಸನೆ ಬಂದದ್ದೇ ತಡ, ನಾನು ಧರ್ಮಪುರದ ಏಳನೇ ಕ್ಲಾಸಿನಲ್ಲಿದ್ದೆ.

ಅಪ್ಪನಿಗೆ ವರ್ಗವಾಗಿ ದುರ್ಗದ ಕಾನ್ವೆಂಟಿನಿಂದ ಅಲ್ಲಿಯ ಕನ್ನಡ ಶಾಲೆಗೆ ಹೋಗಿದ್ದೆ. ಮಗ್ಗಿಯನ್ನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಲೆಕ್ಕದ ಮೇಷ್ಟ್ರು, "ಕಾನ್ವೆಂಟ್ ರಾಣಿ ತಲ್ಯಾಗೆ ಬರೀ ಗಾಳಿ ಐತೆ" ಎಂದು ವರ್ಷವಿಡೀ ದಡ್ಡರ ಸಾಲಿನಲ್ಲಿ ಕೂರಿಸಿದರು. ನಾನು ಕಾದೆ.

ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರ ಅಪ್ಪಣೆಯಾಯಿತು: "ನಾಳೆ ಎಲ್ರೂ ಕೈ ಎತ್ರಿ. ಉತ್ತರ ಗೊತ್ತಿದ್ದೋರು ಬಲಗೈ, ದಡ್ಡರು ಎಡಗೈ. ನಾನು ಬಲಗೈನೋರ್ನೇ ಎಬ್ಬಿಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನಿಂದು ಎಡಗೈನೇ ಕಣಮ್ಮ" ಎಂದರು.

ಮರುದಿನ ಲೆಕ್ಕ ಕೇಳಿದಾಗ ಎಡಗೈಯನ್ನೇ ಎತ್ತಿದೆ. ಅದೃಷ್ಟಕ್ಕೆ ಇನ್‌ಸ್ಪೆಕ್ಟರು ತಾವೇ ನನ್ನನ್ನು ಎಬ್ಬಿಸಿದರು. ಭಿನ್ನರಾಶಿಯ ಲೆಕ್ಕವನ್ನು ಬಾಯಲ್ಲೇ ಮಾಡಿ ಹೇಳಿದೆ. ಕೂರಲಿಲ್ಲ, ಎಡಗೈಯನ್ನೂ ಇಳಿಸಲಿಲ್ಲ.

"ಭೇಷ್. ಮತ್ಯಾಕಮ್ಮ ಎಡಗೈ ಎತ್ಕೊಂಡೇ ನಿಂತೀಯ?"

"ನಾನು ದಡ್ಡಿ ಸಾರ್. ದಡ್ಡರು ಎಡಗೈ ಎತ್ತಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದಾರೆ."

ಇನ್‌ಸ್ಪೆಕ್ಟರು ಇನ್ನೂ ಮೇಲಿದ್ದ ಎಡಗೈಗಳನ್ನು ಒಂದೊಂದಾಗಿ ಎಣಿಸಿದರು. ಮೇಷ್ಟ್ರ ಕೊರಳ ಬೆವರು ಅಂಗಿಯೊಳಕ್ಕೆ ಇಳಿಯುವುದನ್ನು ಕಣ್ತುಂಬ ನೋಡಿದೆ.

ಇದನ್ನೆಲ್ಲ ಕೇಳಿದ ನನ್ನವರು, "ಪಾಪ ಕಣೇ ಆ ಮನುಷ್ಯ" ಅಂದರು. ನನಗೆ ಇವತ್ತಿಗೂ ಪಾಪ ಅನ್ನಿಸಿಲ್ಲ.