ಹೊಳೆಗೇಟಿನ ಮಹದೇವಮ್ಮ

ಮಹದೇವಮ್ಮನವರ ದನಿ ಕೇಳದೆ ನಮ್ಮ ಬಡಾವಣೆಯಲ್ಲಿ ಬೆಳಗಾಗುತ್ತಿರಲಿಲ್ಲ. ಹಾಲಿನವನಿಗೂ ಬೀದಿನಾಯಿಗೂ ಒಂದೇ ಗಂಟಲು. ಅಶೋಕಪುರಂನಲ್ಲಿ ಹುಟ್ಟಿ ಬೆಳೆದು, ಮೈಸೂರಿನ ಸಿಟಿ ಬಸ್ಸುಗಳಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಚೀಲ ಹೆಗಲಿನಿಂದ ಇಳಿದಿದ್ದರೂ ಕೆಲಸ ಬಿಟ್ಟಿರಲಿಲ್ಲ. ಗೃಹಪ್ರವೇಶದ ಊಟಕ್ಕೆ ಜನ ಬಾಗಿಲಲ್ಲೇ ಗುಂಪುಗಟ್ಟಿದರೆ ಹಿಂದಿನಿಂದ ಕೇಳುತ್ತಿತ್ತು: "ಮುಂದಕ್ ಹೋಗಿ, ಮುಂದಕ್ ಹೋಗಿ, ಒಳಗೆ ಜಾಗ ಐತೆ!" ಮನೆ ಯಾರದೇ ಆಗಲಿ, ಜಾಗ ಇದೆಯೋ ಇಲ್ಲವೋ ತೀರ್ಮಾನಿಸುವವರು ಅವರೇ.

ಕಡಕೊಳ ದಾಟಿದ ಮೇಲೆ ಕಪಿಲೆಯ ದಂಡೆಯಲ್ಲಿರುವ ಬಡಾವಣೆ ನಮ್ಮದು. ಸಿಟಿಯ ಗದ್ದಲ ಸಾಕಾಗಿ, ಕಿಟಕಿಯಲ್ಲಿ ಹೊಳೆ ಕಾಣಲೆಂಬ ಆಸೆಗೆ ಮನೆ ಕಟ್ಟಿದವರು ನಾವು. ಹೊಳೆಗೆ ಇಳಿಯಲು ಬೀದಿಯ ಕೊನೆಯಲ್ಲೊಂದು ಗೇಟು. ಬಡಾವಣೆ ಆಗುವ ಮುಂಚಿನಿಂದಲೂ ಪಕ್ಕದ ಊರಿನವರಿಗೆ ಅದೇ ದಾರಿ. ಬಟ್ಟೆಗಂಟು ಹೊತ್ತ ಹೆಂಗಸರು ನಮ್ಮ ಬೀದಿಯಲ್ಲಿ ಹಾದುಹೋಗುವುದು ಕೆಲವರ ಕಣ್ಣಿಗೆ ಚುಚ್ಚಿತು. ಬಡಾವಣೆಯ ಸಂಘದ ಸಭೆಯಲ್ಲಿ ಗೇಟಿಗೆ ಬೀಗ ಹಾಕುವ ಮಾತು ಬಂದಾಗ ಮಹದೇವಮ್ಮ ಎದ್ದು ನಿಂತರು.

"ಬಸ್ಸಲ್ಲೂ ಹಿಂಗೇ ಕಣ್ರೀ. ಸೀಟು ಸಿಕ್ಬುಟ್ರೆ ಸಾಕು, 'ಬಸ್ ತುಂಬೋಯ್ತು, ಡೋರ್ ಹಾಕಮ್ಮ' ಅಂತಾರೆ. ಅವ್ರೂ ಹಿಂದಿನ ಸ್ಟಾಪಲ್ಲಿ ಹತ್ತಿದೋರೇಯ!"

ಎಲ್ಲರೂ ನಕ್ಕರು. ನಕ್ಕು, ಬೀಗಕ್ಕೇ ಕೈಯೆತ್ತಿದರು. ಅಧ್ಯಕ್ಷರು ಮರುದಿನವೇ ಬೀಗ ಜಡಿದು ಬೀಗದಕೈ ಜೇಬಿಗೆ ಹಾಕಿಕೊಂಡರು.

ಅದೇ ವಾರ ಊರಿನ ಮದುವೆಮನೆಯವರು ಗಂಗೆಪೂಜೆಗೆ ಬಂದರು. ವಾಲಗ ಮುಂದೆ, ಕಳಶ ಹಿಡಿದ ಹೆಂಗಸರು ಹಿಂದೆ. ಬೀಗ ಕಂಡು ವಾಲಗ ನಿಂತುಹೋಯಿತು. ಹೊಳೆಯ ನೀರು ತರದೆ ಶಾಸ್ತ್ರ ಮುಂದುವರಿಯುವ ಹಾಗಿರಲಿಲ್ಲ. ಅಧ್ಯಕ್ಷರು ಸಿಟಿಗೆ ಹೋಗಿದ್ದರು. ಬೀಗದಕೈಯೂ ಅವರ ಜೊತೆಗೆ ಹೋಗಿತ್ತು. ಮದುಮಗಳ ತಾಯಿ ಗೇಟು ಹಿಡಿದು ಅಳುವುದೊಂದು ಬಾಕಿ.

ಆಗ ಗೇಟಿನ ಪಕ್ಕದ ಮನೆಯ ಮುಂಬಾಗಿಲು ತೆರೆಯಿತು. ಅದೇ ಮಹದೇವಮ್ಮನವರ ಮನೆ. ಅದರ ಹಿತ್ತಿಲ ಬಾಗಿಲಿನಿಂದ ನೇರ ಹೊಳೆಗೆ ಇಳಿಯಬಹುದಿತ್ತು.

"ಯಾಕ್ರವ್ವಾ ನಿಂತ್ಬುಟ್ರಿ? ಈ ಕಡೆಯಿಂದ ಬನ್ನಿ."

"ಅಡುಗೆಮನೆ ತುಳ್ಕೊಂಡು ಹೋಗ್ಬೇಕಲ್ಲಕ್ಕಾ," ತಾಯಿ ಹಿಂಜರಿದರು.

"ಹೋದ್ರೆ ನನ್ನ ಸಾರು ಕೆಟ್ಟೋಯ್ತದಾ? ಮುಂದಕ್ ಹೋಗಿ, ಮುಂದಕ್ ಹೋಗಿ, ಒಳಗೆ ಜಾಗ ಐತೆ!"

ವಾಲಗದವರೂ ಸೇರಿ ಇಡೀ ಮೆರವಣಿಗೆ ನಡುಮನೆ, ಅಡುಗೆಮನೆ, ಹಿತ್ತಿಲು ದಾಟಿ ಹೊಳೆಗಿಳಿಯಿತು. ವಾಪಸು ಬರುವಾಗ ಆ ತಾಯಿ ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಮಹದೇವಮ್ಮ ಒರೆಸಲಿಲ್ಲ. "ಇರ್ಲಿ ಬುಡಿ, ನಮ್ ಬುದ್ಧಪ್ಪನೂ ಮದ್ವೆಗೆ ಹೋಗ್ಬಂದಂಗಾಯ್ತು" ಎಂದರು.

ಸಂಜೆ ಅಧ್ಯಕ್ಷರು ಬಂದು, ನಡೆದದ್ದನ್ನು ಕೇಳಿ, ಯಾರ ಮುಖವನ್ನೂ ನೋಡದೆ ಬೀಗ ಬಿಚ್ಚಿದರು. ಮಹದೇವಮ್ಮನವರ ಎದುರುಮನೆಯವನಾದ ನಾನು, ಎಲ್ಲವನ್ನೂ ನಾನೇ ಮಾಡಿದವನಂತೆ ಎದೆಯುಬ್ಬಿಸಿ ನಿಂತಿದ್ದೆ. ಇಂದಿಗೂ ಅವರ ಎದುರುಮನೆಯವನು ಎಂದೇ ಪರಿಚಯ ಹೇಳಿಕೊಳ್ಳುತ್ತೇನೆ.

ಹೋದ ಮಳೆಗಾಲದಲ್ಲಿ ಮಹದೇವಮ್ಮ ತೀರಿಕೊಂಡರು. ಹೊಳೆ ತುಂಬಿ ಹರಿಯುತ್ತಿತ್ತು. ಊರಿಗೆ ಊರೇ ಬಂದು, ಒಳಗೆ ಹೋಗಲೋ ಬೇಡವೋ ಎಂದು ಅಂಗಳದಲ್ಲಿ ನೆನೆಯುತ್ತಾ ನಿಂತಿತು. ಒಳಗೆ ಕರೆಯುವ ದನಿಯೇ ಇಲ್ಲ. ಆಗ ಹಿಂದಿನಿಂದ ನಮ್ಮ ಅಧ್ಯಕ್ಷರು ಕಣ್ಣೊರೆಸಿಕೊಂಡು, ಎಂದೂ ಎತ್ತರಿಸದ ದನಿಯನ್ನು ಎತ್ತರಿಸಿ ಕೂಗಿದರು: "ಮುಂದಕ್ಕೆ ಹೋಗಿ, ಒಳಗೆ ಜಾಗ ಇದೆ!"