ಬೊಚ್ಚುಬಾಯಿಯ ಕೇಸು

ನಾನು ಹಲ್ಲಿನ ಡಾಕ್ಟರು ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಒಂದೇ: ಕಂಡವರ ಬಾಯಲ್ಲಿ ಕೈ ಹಾಕೋಕೆ ಹೇಸಿಗೆ ಆಗೋದಿಲ್ವಾ? ಆಗುತ್ತಿತ್ತು. ಮೊದಲ ವರ್ಷ, ಕಿತ್ತ ಹಲ್ಲುಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟುಕೊಂಡು, ಅವನ್ನು ನೋಡಿ ಮೇಣದಲ್ಲಿ ಹಲ್ಲು ಕೆತ್ತುವುದನ್ನು ಕಲಿಯಬೇಕಿತ್ತು. ಆ ಮುಚ್ಚಳ ತೆಗೆದ ದಿನ ಮೆಸ್ಸಿನ ಊಟ ಸೇರುತ್ತಿರಲಿಲ್ಲ. ಆಮೇಲೆ ಗುಟ್ಕಾದ ಬಾಯಿ, ಕೀವು ಸೋರುವ ಒಸಡು ಎಲ್ಲಕ್ಕೂ ಮೂಗು ಒಗ್ಗಿಹೋಯಿತು. ಒಗ್ಗದೆ ಉಳಿದ ಹೇಸಿಗೆ ಒಂದಿದೆ, ಅದಕ್ಕೂ ಬಾಯಿ ವಾಸನೆಗೂ ಸಂಬಂಧವಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ನಮ್ಮ ನಮ್ಮ ರೋಗಿಯನ್ನು ನಾವೇ ಹುಡುಕಿ ತರಬೇಕು. ಅದರಲ್ಲೂ ಪೂರಾ ಹಲ್ಲಿನ ಸೆಟ್ಟು ಕೂರಿಸುವ ಪರೀಕ್ಷೆಗೆ ಒಂದೂ ಹಲ್ಲಿಲ್ಲದ ಬೊಚ್ಚುಬಾಯಿಯೇ ಆಗಬೇಕು. ರೋಗಿ ಅಂತ ಯಾರೂ ಅನ್ನುತ್ತಿರಲಿಲ್ಲ. ‘ಕೇಸು’ ಅನ್ನುತ್ತಿದ್ದರು. ‘ನಿನಗ ಕೇಸ್ ಸಿಕ್ತೇನ?’ ಅನ್ನುವುದೇ ಹಾಸ್ಟೆಲಿನ ಕುಶಲೋಪರಿ. ನಮ್ಮ ಹುಡುಗರು ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಆಕಳಿಸುವ ಮುದುಕರ ಬಾಯೊಳಗೆ ಬಗ್ಗಿ ನೋಡುತ್ತಿದ್ದರು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರಲ್ಲ, ಹಾಗೆ. ಅಲ್ಲಿ ಹಲ್ಲಿದ್ದರೆ ಬೆಲೆ, ಇಲ್ಲಿ ಇಲ್ಲದಿದ್ದರೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಕಾಲೇಜಿನವರು ತಾವು ಸಾಚಾ ಅಂದುಕೊಂಡಾರು.

ನನ್ನ ರೂಮ್‌ಮೇಟ್ ತಾಳಿಕೋಟೆಯವಳು, ನಾನು ಮುದ್ದೇಬಿಹಾಳದವಳು. ರಜೆಗೆ ಒಂದೇ ಬಸ್ಸಿನಲ್ಲಿ ಬಂದು ಹೋಗುತ್ತ, ಅವಳ ಅಮ್ಮಿ ಕಟ್ಟಿಕೊಟ್ಟದ್ದನ್ನು ನಾನೂ ನನ್ನ ಅವ್ವ ಕಟ್ಟಿಕೊಟ್ಟದ್ದನ್ನು ಅವಳೂ ತಿನ್ನುತ್ತ ಸ್ನೇಹ ಬೆಳೆದಿತ್ತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ನಮ್ಮ ಕ್ಲಾಸಿನ ಸಿಂದಗಿ ಹುಡುಗನೊಬ್ಬ ಆಲಮೇಲದ ಹತ್ತಿರದ ಹಳ್ಳಿಯಿಂದ ಒಬ್ಬ ಮುದುಕಿ ಆಯಿಯನ್ನು ಕರೆತಂದು ನಮ್ಮ ಹಾಸ್ಟೆಲಿನ ಗೇಟಿಗೆ ನಿಂತ.

“ನನ್ನ ಕೇಸ್ ಇವತ್ತೊಂದಿನ ನಿಮ್ಮ ರೂಮಿನ್ಯಾಗ ಇರಲಿ. ನಮ್ಮ ಹಾಸ್ಟೆಲಿನ್ಯಾಗ ಹೆಣ್ಮಕ್ಕಳನ್ನ ಬಿಡೂದಿಲ್ಲ” ಅಂದವನೇ ಹೊರಟುಹೋದ. ಚೀಲ ಇಟ್ಟು ಹೋದ ಹಾಗೆ.

ಆಯಿ ಗಂಟಿನಿಂದ ರೊಟ್ಟಿ ತೆಗೆದಳು. ಸಾರಿನಲ್ಲಿ ನೆನೆಸಿ, ಕಿವುಚಿ, ನುಂಗಿದಳು.

“ಖಟಕ ರೊಟ್ಟಿ ಮುರದು ಶೇಂಗಾ ಹಿಂಡಿ ಜೋಡಿ ತಿಂದು ಎಷ್ಟ್ ವರ್ಷಾತೋ ಯವ್ವಾ. ಕೂಸಿನಂಗ ನುಂಗೂದ ಆಗೈತಿ. ಸೊಸಿ ಮುಂದ ತಿನ್ನಾಕ ನಾಚಿಕಿ ಬರ್ತದ. ಈ ಸಲ ಖರೇ ಹಲ್ಲ್ ಕೊಡ್ತಾರಂತ.”

“ಈ ಸಲ ಅಂದ್ರ?” ಅಂದಳು ನನ್ನ ಗೆಳತಿ.

“ಹೋದ ವರ್ಷ ಬ್ಯಾರೆ ಹುಡುಗ ಕರಕೊಂಡ್ ಬಂದಿದ್ದ. ಮೇಣದ ಹಲ್ಲ್ ಹಾಕಿ, ಕನ್ನಡಿ ತೋರಿಸಿ, ಮತ್ತ ತಕ್ಕೊಂಡ್ರು. ನನ್ನ ಕೇಸಿಗೆ ತಾರೀಖ್ ಕೊಟ್ಟಾರಂತ ನಾನೂ ಸುಮ್ನ ಕುಂತೆ. ಸಿಂದಗಿ ಕೋರ್ಟಿನ್ಯಾಗ ನಮ್ಮ ಹೊಲದ ಕೇಸಿಗೂ ಹಿಂಗ ತಾರೀಖ್ ಮ್ಯಾಲೆ ತಾರೀಖ್. ತೀರ್ಪು ಬಂದು ನಿಕಾಲಿ ಆಗೂದ ಇಲ್ಲ.”

ನಾವು ನಗೋಣ ಅಂದುಕೊಂಡೆವು, ನಗು ಬರಲಿಲ್ಲ. ನಮ್ಮ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದ ಮಾತನ್ನು ಆಕೆ ಕೋರ್ಟಿನ ಮಾತು ಅಂತ ತಿಳಿದು, ನ್ಯಾಯ ಸಿಗುತ್ತದೆಂದು ನಂಬಿಕೊಂಡು ಕೂತಿದ್ದಳು.

ಮರುದಿನ ಪಕ್ಕದ ಕುರ್ಚಿಯಲ್ಲೇ ನನ್ನ ಪರೀಕ್ಷೆಯೂ ಇತ್ತು. ಪರೀಕ್ಷೆಗೆ ಮೇಣದ ಸೆಟ್ಟಷ್ಟೇ ಸಾಕು. ಸಿಂದಗಿಯವನು ಮೇಣದಲ್ಲಿ ರೆಡಿಮೇಡ್ ಹಲ್ಲು ಜೋಡಿಸಿ ಆಯಿಯ ಬಾಯಿಗಿಟ್ಟ. ಆಕೆ ಕನ್ನಡಿ ನೋಡಿದಳು. ಸೆರಗು ಸರಿಮಾಡಿಕೊಂಡಳು. ಕೆನ್ನೆ ತುಂಬಿ ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಚಹಾದ ಕಪ್ಪು ಹಿಡಿದುಕೊಂಡೇ ಬಂದು, ಆಕೆಯ ತುಟಿಯನ್ನು ಪರದೆ ಸರಿಸಿದಂತೆ ಸರಿಸಿ, ಹಲ್ಲು ನೋಡಿದರು. ಮುಖ ನೋಡಲಿಲ್ಲ. ಅವರು ಮುಂದೆ ಹೋದದ್ದೇ ತಡ, ಇವನು ಮೇಣದ ಹಲ್ಲು ಹೊರಗೆಳೆದ.

“ಆತು ಆಯಿ, ಕೇಸ್ ಮುಗೀತು. ಹೋಗ್ರಿ.”

“ಹಲ್ಲು?”

“ಕಳಸ್ತೇವ್ರಿ.”

ಕಳಿಸುವುದೆಂದರೆ ದೊಡ್ಡ ಕೆಲಸವೇನಲ್ಲ. ಮೇಣ ತೆಗೆದು ಅದೇ ಜಾಗದಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ ಉಜ್ಜಿದರೆ ಸೆಟ್ಟು ತಯಾರು. ಫಲಿತಾಂಶ ಬಂತು, ಎಲ್ಲರೂ ಪಾಸಾದೆವು, ಅದೇ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಶುರುವಾಯಿತು. ಒಂದು ದಿನ ಲ್ಯಾಬಿಗೆ ಹೋದರೆ ಸಿಂದಗಿಯವನು ಆಯಿಯ ಮೇಣದ ಸೆಟ್ಟನ್ನು ಬಿಸಿನೀರಿಗೆ ಹಾಕಿ ಕರಗಿಸಿ, ಹಲ್ಲುಗಳನ್ನು ಒಂದೊಂದೇ ಆರಿಸುತ್ತಿದ್ದ. ಪಕ್ಕದಲ್ಲಿ ಒಬ್ಬ ಜೂನಿಯರ್ ಅಂಗೈ ಒಡ್ಡಿಕೊಂಡು ನಿಂತಿದ್ದ.

“ಅದು ಆಯಿದಲ್ಲೇನ?” ಅಂದೆ.

“ಹೌದು. ಇವಂಗ ಕೊಡಾಕತ್ತೇನಿ. ಕೇಸೂ ಇವಂಗ ಕೊಟ್ಟೇನಿ.”

“ಆಕಿಗೆ ಹಲ್ಲ್ ಕಳಸ್ತೇನಿ ಅಂದಿದ್ದಿ.”

“ನಿನಗೇನ್ ಹುಚ್ಚೇನ? ಹಲ್ಲ್ ಕಟ್ಟಿಬಿಟ್ರ ಆಕಿ ಮತ್ತ ಯಾಕ ಬರ್ತಾಳ? ಮುಂದಿನ ಬ್ಯಾಚಿಗೆ ಕೇಸ್ ಎಲ್ಲಿಂದ ತರೂದು? ನನಗೂ ಸೀನಿಯರ್ ಕೊಟ್ಟಿದ್ದ. ಛಲೋ ಕೇಸ್. ಒಸಡು ಗಟ್ಟಿ, ವಾಂತಿ ಮಾಡೂದಿಲ್ಲ, ಕೂಡ ಅಂದ್ರ ಕೂಡ್ತಾಳ.”

ಅವನು ಕೆಟ್ಟವನಲ್ಲ ಅಂತ ಆಮೇಲೆ ಹಲವರು ನನಗೆ ತಿಳಿಹೇಳಿದರು. ಇರಬಹುದು. ಆದರೆ ಆ ಕ್ಷಣ ಅವನ ಬೆರಳಿಗಂಟಿದ ಮೇಣ ನೋಡಿ ನನಗೆ ಹೇಸಿಗೆಯಾಯಿತು. ಕೀವಿಗೆ, ಹುಳುಕಿಗೆ ಆಗದ ಹೇಸಿಗೆ. ಒಬ್ಬ ಮುದುಕಿಯ ಬಾಯನ್ನು ಬೊಚ್ಚಾಗಿಯೇ ಉಳಿಸಿ, ಗೈಡ್ ಪುಸ್ತಕದಂತೆ ಬ್ಯಾಚಿನಿಂದ ಬ್ಯಾಚಿಗೆ ದಾಟಿಸುತ್ತಿದ್ದರು. ಇವರೆಲ್ಲ ನಾಳೆ ಬೋರ್ಡು ಹಾಕಿಕೊಂಡು ‘ನಿಮ್ಮ ನಗು, ನಮ್ಮ ಕಾಳಜಿ’ ಅಂತ ಬರೆಸುವವರೇ.

ರೂಮಿಗೆ ಬಂದು ಗೆಳತಿಗೆ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. “ರವಿವಾರ ಆಲಮೇಲಕ್ಕ ಹೋಗೂಣು” ಅಂದಳು ಅಷ್ಟೆ.

ಸಿಂದಗಿಯಲ್ಲಿ ಬಸ್ಸು ಬದಲಿಸಿ, ಕಬ್ಬಿನ ಹೊಲಗಳ ನಡುವೆ ನಡೆದು ಮನೆ ಮುಟ್ಟಿದೆವು. ನಮ್ಮನ್ನು ನೋಡಿ ಆಯಿ, “ತಾರೀಖ್ ಬಂತೇನ?” ಅಂದಳು. ಕರೆತಂದೆವು. ಮೊದಲಿನಿಂದ ಎಲ್ಲ ಹೊಸದಾಗಿ ಮಾಡಿದೆವು. ಆಯಿ ನಮ್ಮ ರೂಮಿನಲ್ಲೇ ಉಳಿದಳು. ಬೇಡವೆಂದರೂ ಕೇಳದೆ ನಮ್ಮಿಬ್ಬರ ತಲೆಗೂ ಎಣ್ಣೆ ತಿಕ್ಕಿದಳು. ಗೆಳತಿ ಸಂಜೆಯ ನಮಾಜಿಗೆ ಕೂತರೆ, “ಗಪ್ಪ್ ಕುಂದರು, ಆಕಿ ದೇವರ ಜೋಡಿ ಮಾತಾಡಾಕತ್ಯಾಳ” ಅಂತ ನನ್ನನ್ನೇ ಗದರುತ್ತಿದ್ದಳು. ಸೆಟ್ಟು ಬೇಯಿಸುವಾಗ ಗೆಳತಿಯ ಬೆರಳು ಸುಟ್ಟು ಬೊಬ್ಬೆ ಎದ್ದಿತು. ಲ್ಯಾಬಿನಲ್ಲಿ ಕೂತಿದ್ದ ಹುಡುಗರು, “ಪರೀಕ್ಷಾ ಮುಗದ ಮ್ಯಾಲೂ ಕೇಸ್ ಮಾಡಾಕತ್ತಾರಲೇ” ಅಂತ ಹಲ್ಲು ಕಿಸಿದರು. ಅವರ ಬಾಯ್ತುಂಬ ಹಲ್ಲಿದ್ದವು.

ಹಲ್ಲು ಕೂರಿಸಿ ಕನ್ನಡಿ ಕೊಟ್ಟರೆ ಆಯಿ ನೋಡಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, “ತಕ್ಕೊಳ್ಳೂದಿಲ್ಲಲ್ಲ?” ಅಂದಳು. ಇಲ್ಲವೆಂದು ನಾವು ಹೇಳಿದ ಮೇಲೂ ಬಹಳ ಹೊತ್ತು ಕೈ ಕೆಳಗಿಳಿಸಲಿಲ್ಲ.

ಮುಂದಿನ ಪರೀಕ್ಷೆಯ ಹೊತ್ತಿಗೆ ಆ ಜೂನಿಯರ್ ನಮ್ಮನ್ನು ಹುಡುಕಿಕೊಂಡು ಬಂದ. ಆಲಮೇಲದ ಬಿಸಿಲಿಗೆ ಮುಖ ಕೆಂಪಾಗಿತ್ತು.

“ಅಕ್ಕಾರ, ನನ್ನ ಕೇಸ್ ಹಾಳ್ ಮಾಡೀರಿ. ಆಕಿ ಖಟಕ ರೊಟ್ಟಿ ತಿನ್ನಕೋತ ಕುಂತಾಳ. ನನ್ನ ನೋಡಿ ನಕ್ಕಳು. ‘ನನ್ನ ಕೇಸ್ ನಿಕಾಲಿ ಆತು ತಮ್ಮಾ, ನಿಂದು ಇನ್ನ ನಡದೈತೇನ?’ ಅಂತ ಕೇಳಿದಳ್ರಿ.”

ನಾನೂ ಗೆಳತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ. ನಮ್ಮ ನಗು ನಿಲ್ಲುವವರೆಗೂ ಕಾದು, ದನಿ ತಗ್ಗಿಸಿ ಕೇಳಿದ:

“ಆ ಊರಾಗ ಬೊಚ್ಚುಬಾಯಿ ಮತ್ತ ಯಾರರ ಅದಾರೇನ್ರಿ?”