ಚೇಳಿನ ಹಚ್ಚೆಯ ಕೈ

ಸಾಸ್ವೆಹಳ್ಳಿಯ ಕಲ್ಲಮ್ಮ ನನ್ನ ಅಂಗಡಿಗೆ ಬಂದದ್ದು ಒಂದು ಬುಧವಾರ ಹನ್ನೊಂದರ ಹೊತ್ತಿಗೆ, ಒಬ್ಬಳೇ, ಬಸ್ಸಿನಲ್ಲಿ. ಹೊನ್ನಾಳಿಯಲ್ಲಿ ನಮ್ಮದು ಅಪ್ಪನ ಕಾಲದ ಸ್ಟುಡಿಯೋ. ಅಪ್ಪ ಬುಡನ್‌ಸಾಬ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತಿದ್ದರು. ಮಗ ಅಫ್ತಾಬ್, ಅಂದರೆ ನಾನು, ಕಂಪ್ಯೂಟರ್ ಮುಂದೆ ಕೂತು ಹಳೇ ಫೋಟೋ ಹೊಸದು ಮಾಡುತ್ತೇನೆ, ಗಾಜಿನ ಕಟ್ಟು ಹಾಕಿಕೊಡುತ್ತೇನೆ. ಮದುವೆ ಫೋಟೋಕ್ಕೆ ಈಗ ಯಾರೂ ನಮ್ಮಂಥವರನ್ನು ಕರೆಯುವುದಿಲ್ಲ. ಸತ್ತವರ ಫೋಟೋಕ್ಕೆ ಮಾತ್ರ ತಪ್ಪದೆ ಬರುತ್ತಾರೆ.

ನಾಲ್ಕು ದಿನ ಮುಂಚೆ ಆಕೆಯ ಮಗ ಗುರುಬಸವರಾಜ್ ಮೂರು ಹಳೇ ಕಟ್ಟು ತಂದು ಕೊಟ್ಟಿದ್ದ. ಚನ್ನಗಿರಿಯಲ್ಲಿ ಹೈಸ್ಕೂಲ್ ಮೇಷ್ಟ್ರು, ಅಲ್ಲೇ ಹೊಸ ಮನೆ ಕಟ್ಟಿಸಿದ್ದಾನೆ. ಮೂರು ತಲೆಮಾರಿನ ಹಿರಿಯರನ್ನು ಹಾಲ್‌ನ ಗೋಡೆಗೆ ಸಾಲಾಗಿ ತೂಗುಹಾಕಬೇಕು, ಎಲ್ಲ ಒಂದೇ ಅಳತೆ ಇರಬೇಕು, ಎದೆಯಿಂದ ಮೇಲೆ ಮಾತ್ರ ಸಾಕು ಅಂದಿದ್ದ. ಮೊದಲನೆಯದರಲ್ಲಿ ಮುತ್ತಜ್ಜ, ಬಿಸಿಲಿಲ್ಲದಿದ್ದರೂ ಕೈಯಲ್ಲಿ ಕೊಡೆ. ಎರಡನೆಯದರಲ್ಲಿ ಅಜ್ಜ ಕುರ್ಚಿಯಲ್ಲಿ, ಅಜ್ಜಿ ನಿಂತುಕೊಂಡು, ಇಬ್ಬರೂ ಯಾರಿಂದಲೋ ಬೈಸಿಕೊಂಡವರ ಹಾಗೆ ಮುಖ ಗಂಟು ಹಾಕಿಕೊಂಡಿದ್ದಾರೆ. ಮೂರನೆಯದರಲ್ಲಿ ಗುರುಬಸವರಾಜನ ಅಪ್ಪ ಕೊಟ್ರಬಸಪ್ಪ, ಪಕ್ಕದಲ್ಲಿ ಅವ್ವ ಅನ್ನಪೂರ್ಣ, ಆಕೆಯ ಬಲಗೈ ಅವನ ಕುರ್ಚಿಯ ಹಿಡಿಯ ಮೇಲೆ. ಅನ್ನಪೂರ್ಣ ಹೋದಾಗ ಗುರುಬಸವರಾಜನಿಗೆ ಮೂರು ವರ್ಷ. ಅವನನ್ನು ಸಾಕಿದವಳು ಎರಡನೇ ಹೆಂಡತಿಯಾಗಿ ಬಂದ ಕಲ್ಲಮ್ಮ. ಕೊಟ್ರಬಸಪ್ಪ ಹೋಗಿಯೂ ಈಗ ಎರಡು ವರ್ಷ.

ಕಲ್ಲಮ್ಮ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೂರನೇ ಫೋಟೋದಲ್ಲಿ ಕೈ ಇರೋ ಭಾಗ ಕತ್ತರಿಸಿ ತೆಗೆಯಬೇಡ ಅಂದಳು. ಯಾಕೆ ಅಂದೆ. ತೆಗೆಯಬೇಡ ಅಂತ ಮತ್ತೊಮ್ಮೆ ಅಂದಳು. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಕೆಲಸ ಕೊಟ್ಟವರು ನಿಮ್ಮ ಮಗ, ಅವರ ಹತ್ತಿರವೇ ಫೋನ್ ಮಾಡಿಸಿ ಅಂದೆ. ಆಕೆ ತನ್ನ ಬಲಗೈಯನ್ನು ಮೇಜಿನ ಗಾಜಿನ ಮೇಲಿಟ್ಟಳು. ಮುಂಗೈ ಮೇಲೆ ಒಂದು ಚೇಳಿನ ಹಚ್ಚೆ, ಬಾಲವಿಲ್ಲ. ಹಚ್ಚೆ ಹಾಕುವವಳು ಬಾಲಕ್ಕೆ ಬರುವ ಹೊತ್ತಿಗೆ ಹುಡುಗಿ ಕಲ್ಲಮ್ಮ ಅತ್ತು ಎದ್ದು ಓಡಿದ್ದಳಂತೆ. ಕಂಪ್ಯೂಟರಿನಲ್ಲಿ ಅನ್ನಪೂರ್ಣಳ ಕೈಯನ್ನು ದೊಡ್ಡದು ಮಾಡಿ ನೋಡಿದೆ. ಅಲ್ಲೂ ಬಾಲವಿಲ್ಲದ ಚೇಳು.

ಕೆಲಸ ನಮ್ಮಪ್ಪನದು. ನೋಡಿದ ಕೂಡಲೇ ಗೊತ್ತಾಯಿತು, ನಾಲ್ಕು ದಿನದಿಂದ ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಯೂ ಆಯಿತು. ಆ ಕಾಲದಲ್ಲಿ ಫೋಟೋ ತೆಗೆಸದೆಯೇ ಸತ್ತವರು ಬಹಳ. ಅಂಥವರ ಮುಖ ಯಾವುದಾದರೂ ಗುಂಪಿನಲ್ಲಿ ಉಗುರಷ್ಟು ಸಿಕ್ಕರೆ, ಅಪ್ಪ ಅದನ್ನು ದೊಡ್ಡದು ಮಾಡಿ, ಬ್ಲೇಡಿನಿಂದ ಕತ್ತರಿಸಿ, ಇನ್ನೊಬ್ಬರ ಮೈಗೆ ಅಂಟಿಸಿ, ಕುತ್ತಿಗೆಯ ಹತ್ತಿರ ಕುಂಚ ಆಡಿಸಿ, ಮತ್ತೆ ಫೋಟೋ ತೆಗೆಯುತ್ತಿದ್ದರು. ಅನ್ನಪೂರ್ಣಳ ಮುಖ ಜಗಳೂರಿನ ಯಾವುದೋ ಮದುವೆಯ ಗುಂಪು ಫೋಟೋದ್ದಂತೆ. ಮೈ ಕಲ್ಲಮ್ಮನದು.

ಉಳಿದದ್ದನ್ನು ಕಲ್ಲಮ್ಮನೇ ಹೇಳಿದಳು. ಆಗ ಆಕೆ ಗೋವಿನಕೋವಿಯ ಹುಡುಗಿ, ಹದಿನೇಳು ವರ್ಷ. ಮದುವೆಯಾಗಿ ವಾರಕ್ಕೆ ಗಂಡ ಹೊನ್ನಾಳಿಗೆ ಕರೆದುಕೊಂಡು ಬಂದ. ಮೊದಲನೆಯವಳ ರೇಷ್ಮೆ ಸೀರೆ ಉಡು ಅಂದ, ಉಟ್ಟಳು. ಬುಡನ್‌ಸಾಬರು ಅಲುಗಾಡಬೇಡ ತಾಯಿ ಅಂದರು, ಉಸಿರು ಹಿಡಿದು ನಿಂತಳು. ಇದು ತಮ್ಮ ಮದುವೆ ಫೋಟೋ ಅಂತಲೇ ನಂಬಿ, ತವರಿನ ಓಣಿಗೆಲ್ಲ ಹೇಳಿಕೊಂಡು ಬಂದಳು. ಹದಿನೈದು ದಿನದ ಮೇಲೆ ಕಟ್ಟು ಮನೆಗೆ ಬಂತು. ತನ್ನ ಹೆಗಲ ಮೇಲೆ ಬೇರೆ ಹೆಂಗಸಿನ ಮುಖ. ಗಂಡ ಗಾಜಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಕೂಸನ್ನು ಎತ್ತಿ ತೋರಿಸಿದ: ನೋಡು, ನಿಮ್ಮವ್ವ. ಅವ್ವ ಅವ್ವ ಅಂತ ಮೂರು ತಿಂಗಳಿಂದ ಅಳುತ್ತಿದ್ದ ಕೂಸು ಅವತ್ತು ಸುಮ್ಮನಾಯಿತು. ಆ ಕೈ ಯಾರದು ಅಂತ ಇವನಿಗೆ ಯಾವತ್ತೂ ಹೇಳಬಾರದು ಅಂತ ಗಂಡ ಭಾಷೆ ತಗೊಂಡ.

ಹಬ್ಬಕ್ಕೆ ಬಂದ ಕಲ್ಲಮ್ಮನ ತಾಯಿ ಮಾತ್ರ ಕೈ ಗುರುತು ಹಿಡಿದಳು. ಬದುಕಿರುವ ಮಗಳಿಗೆ ಹಾರ ಹಾಕಿದ್ದಾರೆ ಅಂತ ಎದೆ ಬಡಿದುಕೊಂಡು, ಹೋಳಿಗೆ ಮುಟ್ಟದೆ, ಅವತ್ತೇ ಬಸ್ಸು ಹತ್ತಿದಳು. ಕಲ್ಲಮ್ಮ ಎಲ್ಲಿಗೆ ಹೋಗಬೇಕು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ತನಗೂ ಮಕ್ಕಳಾಗಲಿಲ್ಲ. ಹುಡುಗ ಪರೀಕ್ಷೆಗೆ ಹೋಗುವಾಗ ಫೋಟೋದ ಕೈ ಮುಟ್ಟಿ ನಮಸ್ಕಾರ ಮಾಡುತ್ತಿದ್ದ, ಬುತ್ತಿ ಕಟ್ಟಿಕೊಟ್ಟ ಅದೇ ಕೈ ಬಾಗಿಲ ಹಿಂದೆ ಸೆರಗಿನೊಳಗೆ ಇರುತ್ತಿತ್ತು.

“ನಲವತ್ತಾರು ವರ್ಷ ಆತು,” ಅಂದಳು. “ದಿನಾ ಮೈ ತೊಳ್ಕಂಡು ಬಂದು ನನ್ನ ಕೈಗೆ ನಾನೇ ಹಾರ ಹಾಕ್ತೀನಿ. ಆದ್ರೂ ಆ ಗ್ವಾಡೆ ಮ್ಯಾಲೆ ನಂದು ಅಂತ ಇರಾದು ಅದೊಂದೇ ಐತೆ. ಅದನ್ನ ತೆಗಿಬ್ಯಾಡಪ್ಪ. ಅವನಿಗೆ ಹೇಳಾಕೂ ಹೋಗಬ್ಯಾಡ.”

ಒಬ್ಬಳದೇ ಒಂದು ಫೋಟೋ ತೆಗೆದುಕೊಡುತ್ತೇನೆ ಅಂದೆ. ಈ ವಯಸ್ಸಿನಲ್ಲಿ ಒಂಟಿ ಫೋಟೋ ತೆಗೆಸಿದರೆ ಮುದುಕಿ ಸಾಯಲು ತಯಾರಾಗಿದ್ದಾಳೆ ಅಂತಾರೆ ಅಂದಳು. ಮೊಮ್ಮಕ್ಕಳ ಮೊಬೈಲಿನಲ್ಲಿ ಬೇಕಾದಷ್ಟು ಇದ್ದಾವಂತೆ, ಆಧಾರ್ ಕಾರ್ಡಿನಲ್ಲೂ ಒಂದು ಇದೆ. ಅದರಲ್ಲಿ ಯಾರ ಮುಖ ತಾನೇ ಅವರದೇ ಮುಖದ ಹಾಗೆ ಇರುತ್ತದೆ? ಗಂಡನ ಪಕ್ಕದಲ್ಲಿ ನಿಂತದ್ದು ಅಂದರೆ ಅದೊಂದೇ. ಆಯಿತು, ಯಾರಿಗೂ ಹೇಳುವುದಿಲ್ಲ, ಕೈ ಉಳಿಸುತ್ತೇನೆ ಅಂತ ಮಾತು ಕೊಟ್ಟೆ.

ಶನಿವಾರ ಗುರುಬಸವರಾಜ್ ಬಂದ. ಕೈ ಇದ್ದರೇ ಫೋಟೋಕ್ಕೆ ಲಕ್ಷಣ, ಕತ್ತರಿಸಿದರೆ ಮುಖ ಕೆಡುತ್ತದೆ ಅಂತ ಇದ್ದಬದ್ದ ಸುಳ್ಳೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಕೂತ.

“ಆ ಕೈ ನಮ್ಮ ಚಿಕ್ಕವ್ವಂದು ಕಣೋ. ಐದನೇ ಕ್ಲಾಸಿನಾಗೇ ಗೊತ್ತಾತು, ಊಟಕ್ಕೆ ಬಡಿಸುವಾಗ ನೋಡಿದೆ. ಅವತ್ತಿಂದ ಆಕೆ ಹಾರ ಹಾಕಾದು ನೋಡಾಕೆ ಆಗವಲ್ದು. ಅಪ್ಪ ಇರೋ ತನಕ ಬಾಯಿ ಬಿಡಂಗಿರಲಿಲ್ಲ. ಹೊಸ ಮನೆಗಾದ್ರೂ ಆಕೆ ಬದುಕಿದ್ದಂಗೆ ಬರಲಿ. ಅದನ್ನ ತೆಗಿ. ಯಾಕೆ ತೆಗಿಸ್ದೆ ಅಂತ ಆಕೆಗೆ ಗೊತ್ತಾಗಬಾರದು. ನಂಗಾಗಿ ಇಷ್ಟು ವರ್ಷ ಮುಚ್ಚಿಟ್ಟಾಳೆ, ಮುಚ್ಚಿಟ್ಟಂಗೇ ಇರಲಿ.”

ಕಲ್ಲಮ್ಮ ಬಂದು ಕೇಳಿಕೊಂಡದ್ದನ್ನು ಹೇಳಿಬಿಡೋಣ ಅಂತ ಬಾಯಿ ತನಕ ಬಂತು. ಆದರೆ ಒಂದು ಮನೆಯ ಫೋಟೋದ ಗುಟ್ಟು ಆ ಮನೆಯವರಿಗೂ ಹೇಳಬಾರದು ಅಂತ ಅಪ್ಪ ಕಲಿಸಿದ್ದು. ಬುಧವಾರ ಕೊಟ್ಟ ಮಾತೂ ಇತ್ತು. ಅತ್ತ ದರಿ ಇತ್ತ ಪುಲಿ. ಅದರ ಮೇಲೆ ಅವನ ಮಾತು ನನಗೆ ಸರಿ ಅನ್ನಿಸಿತು, ಅದೇ ದೊಡ್ಡ ತಪ್ಪಿರಬೇಕು. ಬದುಕಿರುವ ಕೈ ಹಾರದ ಕೆಳಗೆ ಯಾಕಿರಬೇಕು ಅಂದುಕೊಂಡು ಎದೆಯಿಂದ ಕೆಳಗೆ ತೆಗೆದುಹಾಕಿದೆ. ಮೌಸಿನ ಮೇಲೆ ಒಂದು ಸಲ ಬೆರಳು ಒತ್ತಿದ್ದಷ್ಟೇ. ತೆಗೆದ ಭಾಗವನ್ನು ಬೇರೆ ಪ್ರಿಂಟ್ ಹಾಕಿ ಲಕೋಟೆಯಲ್ಲಿ ಇಟ್ಟುಕೊಂಡೆ.

ಗೃಹಪ್ರವೇಶಕ್ಕೆ ಕರೆದಿದ್ದರು, ಹೋದೆ. ಮೂರೂ ಕಟ್ಟು ಹೊಸ ಗೋಡೆಯ ಮೇಲೆ ಒಂದೇ ಅಳತೆಗೆ ಕೂತಿದ್ದವು. ಕಲ್ಲಮ್ಮ ಸೇವಂತಿಗೆ ಹಾರ ತಾನೇ ಕಟ್ಟಿ ತಂದಿದ್ದಳು. ಮೂರನೆಯದಕ್ಕೆ ಹಾಕಿದಳು. ಹಾರ ಕಟ್ಟಿನ ಕೆಳಗೆ ಒಂದು ಗೇಣು ಜೋತುಬಿತ್ತು, ಹಳೇ ಫೋಟೋದ ಕೈಯ ಅಳತೆಗೆ ಕಟ್ಟಿದ್ದು. ಗಾಜಿನೊಳಗೆ ಒಂದು ಕ್ಷಣ ಹುಡುಕಿದಳು. ನನ್ನ ಕಡೆ ತಿರುಗಲಿಲ್ಲ. ಹಾರ ತೆಗೆದು, ಹಿಂದೆ ಒಂದು ಗಂಟು ಹಾಕಿ ಗಿಡ್ಡ ಮಾಡಿ, ಮತ್ತೆ ಹಾಕಿದಳು. ಪಕ್ಕದಲ್ಲಿ ನಿಂತಿದ್ದ ಮಗನ ಮುಖದಲ್ಲಿ ಹೊರೆ ಇಳಿದ ಸಮಾಧಾನ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಊಟವಾದ ಮೇಲೆ ಹಿತ್ತಲಿನ ನಲ್ಲಿಯ ಹತ್ತಿರ ಸಿಕ್ಕಳು. ತಪ್ಪಾಯಿತು ಅಮ್ಮಾ ಅಂದು ಲಕೋಟೆ ಕೊಟ್ಟೆ. ತೆಗೆದು ನೋಡಿದಳು. ಕುರ್ಚಿಯ ಹಿಡಿ, ಗಂಡನ ಮೊಣಕೈ, ಅದರ ಪಕ್ಕ ತನ್ನ ಕೈ. ಬೆರಳಿನಿಂದ ಚೇಳನ್ನು ಒಂದು ಸಲ ಸವರಿದಳು. ಈ ಮನೆಯಲ್ಲಿ ನಂದು ಅಂತ ಒಂದು ಬೀಗ ಇಲ್ಲ, ಎಲ್ಲಿ ಇಡಲಿ, ಕಂಡವರಿಗೆ ಏನು ಹೇಳಲಿ ಅಂತ ನನ್ನನ್ನೇ ಕೇಳಿದಳು. ಆಮೇಲೆ ಲಕೋಟೆಯನ್ನು ಮಡಚಿ ನನ್ನ ಕೈಗೇ ಇಟ್ಟಳು.

“ನಿನ್ನತ್ರಾನೇ ಇರಲಿ. ನಾನು ಹೋದ ಮ್ಯಾಲೆ ನನ್ನ ಫೋಟೋ ಮಾಡ್ಸಾಕೆ ನಿನ್ನತ್ರಾನೇ ಬರ್ತಾರೆ. ನಿಮ್ಮಪ್ಪ ಮಾಡಿದ್ರಲ್ಲ, ಹಂಗೇ ನೀನೂ ಆಗ ನನ್ನ ಮುಖಕ್ಕೆ ಇದನ್ನ ಸೇರ್ಸು.”

ಒಳಗಿನಿಂದ ಮಗ ಚಿಕ್ಕವ್ವಾ ಅಂತ ಕೂಗಿದ. ಬಂದೆ ಅಂತ ಕೈ ಒರೆಸಿಕೊಂಡು ಒಳಗೆ ಹೋದಳು.